ಗೋವಾ, ಫುಲ್-ಆನ್, ಅಪ್‌ಲಿಫ್ಟಿಂಗ್: ಟ್ರಾನ್ಸ್‌ನಲ್ಲಿ ಯಾವುದು ಎಲ್ಲಿಗೆ ಮುಗಿಯುತ್ತದೆ?

ಟ್ರಾನ್ಸ್ ಎಂಬ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತ ಎಂದರೆ ಎಲ್ಲವೂ ಒಂದೇ ಥರ ಡಬ್ ಡಬ್ ಎನ್ನುತ್ತದೆ ಅನ್ನುವವರೇ ಜಾಸ್ತಿ. ಪ್ಲೇಲಿಸ್ಟ್ ಮಾಡುವವರೂ ಕಮ್ಮಿಯಿಲ್ಲ, ಗೋವಾ ಅಂತ ಹೆಸರಿಟ್ಟು ಒಳಗೆ ಫುಲ್-ಆನ್ ತುಂಬಿರುತ್ತಾರೆ. ಅದಕ್ಕೇ ಗೋವಾ, ಫುಲ್-ಆನ್, ಅಪ್‌ಲಿಫ್ಟಿಂಗ್ ಎಂಬ ಅದರ ಮೂರು ಬಗೆಗಳನ್ನೂ ಎರಡು ಕಡೆ ಕೇಳಿ ನೋಡಿದೆ: ತುಮಕೂರು–ಯಶವಂತಪುರ ರೈಲಿನಲ್ಲಿ ಹೆಡ್‌ಫೋನ್ ಹಾಕಿಕೊಂಡು, ಆಮೇಲೆ ಗುಬ್ಬಿ ಹತ್ತಿರ ಗೆಳೆಯನ ತೋಟದ ಮನೆಯಲ್ಲಿ, ಶಾಮಿಯಾನದವರಿಂದ ಬಾಡಿಗೆಗೆ ತಂದ ಬಾಕ್ಸ್‌ಗಳಲ್ಲಿ.

ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್) ಲೆಕ್ಕ ಬಿಟ್ಟುಬಿಡಿ. ಮೂರೂ 140ರ ಆಸುಪಾಸಿನಲ್ಲೇ ಓಡಾಡುತ್ತವೆ. ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಸರಿಯಾಗಿ 140ಕ್ಕೆ ತಂದು ನಿಲ್ಲಿಸಿದರೂ ಒಂದು ಇನ್ನೊಂದರ ಹಾಗೆ ಕೇಳಿಸಲಿಲ್ಲ. ಒಂದು ಕಿಕ್‌ಗೂ (ಬೀಟಿನ ಆ ಡಬ್ ಏಟು) ಮುಂದಿನ ಕಿಕ್‌ಗೂ ನಡುವೆ ಬೇಸ್ ಏನು ಮಾಡುತ್ತದೆ ಅನ್ನುವುದರಲ್ಲಿದೆ ವ್ಯತ್ಯಾಸ.

ಫುಲ್-ಆನ್ ಸೈಟ್ರಾನ್ಸ್‌ನಲ್ಲಿ (ಸೈ ಅಂದರೆ ಸೈಕೆಡೆಲಿಕ್) ಒಂದು ಬೀಟನ್ನು ನಾಲ್ಕು ಪಾಲು ಮಾಡಿದರೆ ಮೊದಲನೆಯದು ಕಿಕ್, ಸಾಮಾನ್ಯವಾಗಿ ಉಳಿದ ಮೂರೂ ಬೇಸ್. ತೋಟದ ಗೆಳೆಯ ತಮಟೆ ಬಡಿಯುವವನು, ಟ್ರಾನ್ಸ್‌ನ ಗಂಧಗಾಳಿ ಇಲ್ಲ. ಬೆರಳಲ್ಲಿ ಮೇಜಿನ ಮೇಲೆ ಸ್ವಲ್ಪ ಹೊತ್ತು ತಟ್ಟಿ ನೋಡಿ, ‘ಏಟಿಗೂ ಏಟಿಗೂ ಮಧ್ಯ ಉಸ್ರಾಡಕ್ಕೇ ಜಾಗ ಇಲ್ವಲ್ಲೋ ಇದ್ರಲ್ಲಿ’ ಅಂದ. ಅಪ್‌ಲಿಫ್ಟಿಂಗ್ ಹಾಕಿದ ಕೂಡಲೇ ‘ಇದ್ರಲ್ಲಿ ಐತೆ ನೋಡು’ ಅಂದ. ನಿಜ, ಅಲ್ಲಿ ಬೇಸ್‌ನ ಒತ್ತು ಹೆಚ್ಚಾಗಿ ಎರಡು ಕಿಕ್‌ಗಳ ನಟ್ಟನಡುವೆ ಬೀಳುತ್ತದೆ.

ಗೋವಾ ಟ್ರಾನ್ಸ್‌ಗೆ ಬಂದರೆ ಈ ಸೂತ್ರ ಕೈಕೊಡುತ್ತದೆ. ಅಲ್ಲೂ ಬೇಸ್ ಉರುಳುತ್ತಲೇ ಇರುತ್ತದೆ, ಆದರೆ ಕಿವಿ ಅಲ್ಲಿ ನಿಲ್ಲುವುದಿಲ್ಲ. ಮೇಲೆ ಟಿಬಿ-303 ಸಿಂಥಸೈಜರ್ ಥರದ, ಕೀರಲು ದನಿಯ ಆ್ಯಸಿಡ್ ಎಳೆಗಳು, ಒಂದರೊಳಗೊಂದು ಹೆಣೆದುಕೊಂಡ ಮೆಲೊಡಿಗಳು. ಫ್ರಿಜಿಯನ್ ಸ್ಕೇಲ್‌ನ ಬಳಕೆ ಜಾಸ್ತಿ, ಅಂದರೆ ನಮ್ಮ ಹನುಮತೋಡಿಯ ಸ್ವರಗಳೇ. ಸಂಗೀತ ಪಾಠಕ್ಕೆ ಹೋದವರಿಗೆ ಥಟ್ಟನೆ ಗೊತ್ತಾಗುತ್ತದೆ. ಗಮಕ ಮಾತ್ರ ಹುಡುಕಬೇಡಿ.

ಇನ್ನೊಂದು ಗುರುತು ಟ್ರ್ಯಾಕ್‌ನ ಎರಡು ತುದಿಗಳಲ್ಲಿದೆ. 1990ರ ದಶಕದಲ್ಲಿ ಅಂಜುನಾ ಕಡೆಯ ಪಾರ್ಟಿಗಳಲ್ಲಿ ಗೋವಾ ಗಿಲ್ ಮುಂತಾದ ಡಿಜೆಗಳು ಡಿಎಟಿ (ಡಿಜಿಟಲ್ ಆಡಿಯೊ) ಟೇಪ್ ಬಳಸುತ್ತಿದ್ದರು, ಆ ಸೆಕೆಗೆ ವಿನೈಲ್ ರೆಕಾರ್ಡು ಸೊಟ್ಟಗಾಗುತ್ತಿತ್ತು. ಟೇಪಿನಲ್ಲಿ ಎರಡು ಟ್ರ್ಯಾಕ್‌ಗಳ ಬೀಟ್ ಕೂಡಿಸುವುದು ಕಷ್ಟ. ಹಾಗಾಗಿ ಹಳೆಯ ಗೋವಾ ಟ್ರ್ಯಾಕ್‌ಗಳು ಬೀಟ್ ಇಲ್ಲದೆ ನಿಧಾನಕ್ಕೆ ಶುರುವಾಗಿ, ಹಾಗೇ ಕರಗುತ್ತವೆ. ರೈಲು ಕ್ಯಾತ್ಸಂದ್ರದಲ್ಲಿದ್ದಾಗ ಹಾಕಿದ್ದು ಹಿರೇಹಳ್ಳಿ ಬಂದರೂ ಪೂರ್ತಿ ಬಿಚ್ಚಿಕೊಂಡಿರುವುದಿಲ್ಲ.

303 ಇದ್ದಮಾತ್ರಕ್ಕೆ ಗೋವಾ ಆಗುವುದಿಲ್ಲ. 1982ರಲ್ಲೇ ಮುಂಬೈಯ ಸಂಗೀತಗಾರ ಚರಣ್‌ಜಿತ್ ಸಿಂಗ್ ಟಿಬಿ-303, ಡ್ರಮ್ ಮೆಷಿನ್ ಟಿಆರ್-808 ಇಟ್ಟುಕೊಂಡು ರಾಗಗಳನ್ನು ನುಡಿಸಿದ್ದರು. 303 ಸದ್ದಿನಿಂದಲೇ ಹೆಸರಾದ ಆ್ಯಸಿಡ್ ಹೌಸ್‌ ಸಂಗೀತಕ್ಕೂ ಮುಂಚಿನದು ಅಂತ ಈಗ ಕೊಂಡಾಡುತ್ತಾರೆ. ಅದ್ಭುತ ಕೆಲಸ. ಆದರೆ ಅದು ಡಿಸ್ಕೋ ಬೀಟ್. ಟ್ರಾನ್ಸ್‌ಗೆ ಬೇಕಾದ, ಹಂತಹಂತವಾಗಿ ಏರುವ ಬಿಲ್ಡ್-ಅಪ್ ಅಲ್ಲಿಲ್ಲ.

ಅಪ್‌ಲಿಫ್ಟಿಂಗ್‌ನ ಜೀವ ಬ್ರೇಕ್‌ಡೌನ್‌ನಲ್ಲಿದೆ. ಕಿಕ್ ನಿಂತೇಹೋಗುತ್ತದೆ, ರೋಲ್ಯಾಂಡ್ ಜೆಪಿ-8000 ಸಿಂಥಸೈಜರ್ ಜನಪ್ರಿಯ ಮಾಡಿದ ಸೂಪರ್‌ಸಾ ಸದ್ದು ಹರಡಿಕೊಂಡು ಏರುತ್ತಾ ಹೋಗುತ್ತದೆ. ರೈಲಿನಲ್ಲಿ ಈ ಭಾಗ ದಂಡ, ಕಳ್ಳೇಕಾಯಿ ಮಾರುವವನ ದನಿಯೇ ಗೆಲ್ಲುತ್ತದೆ. ಬಾಡಿಗೆ ಬಾಕ್ಸ್‌ಗಳಲ್ಲಿ ಮಾತ್ರ ಮೈ ಜುಮ್ಮೆಂದಿತು. ಫುಲ್-ಆನ್‌ದು ಪೂರ್ತಿ ಉಲ್ಟಾ. ಹೆಡ್‌ಫೋನಿನಲ್ಲಿ ಬಿಡಿಬಿಡಿಯಾಗಿದ್ದ ಮೂರು ಬೇಸ್ ಏಟುಗಳು ಮೆರವಣಿಗೆಗೆಂದೇ ಗುಂಯ್‌ಗುಡುವಂತೆ ಮಾಡಿದ ಆ ಬಾಕ್ಸ್‌ಗಳಲ್ಲಿ ಕಲಸಿಹೋಗಿ ಒಂದೇ ಮೊರೆತವಾದವು. ಅಂಥ ಬಾಕ್ಸ್‌ಗಳಲ್ಲಿ ಕೇಳಿ ಸೈಟ್ರಾನ್ಸ್ ಬರೀ ಗಲಾಟೆ ಅನ್ನುವುದು ಅನ್ಯಾಯ. ಎರಡೂ ಕಡೆ ಮರ್ಯಾದೆ ಉಳಿಸಿಕೊಂಡದ್ದು ಗೋವಾ ಒಂದೇ.

ತಕರಾರು ಇರುವುದು ಸೈಟ್ರಾನ್ಸ್‌ನದೇ ಇನ್ನೊಂದು ಕವಲಾದ ಪ್ರೊಗ್ರೆಸ್ಸಿವ್ ಸೈ ಬಗ್ಗೆ. ಗಡಿಕಲ್ಲು ಕಿತ್ತುಹಾಕಿದ ಹೊಲದ ಹಾಗೆ ಅದು. ವೇಗ ಫುಲ್-ಆನ್‌ಗಿಂತ ಕಮ್ಮಿ, ಬೇಸ್ ಒಂದು ಟ್ರ್ಯಾಕ್‌ನಲ್ಲಿ ಉರುಳುತ್ತದೆ, ಇನ್ನೊಂದರಲ್ಲಿ ಕಿಕ್‌ಗಳ ನಡುವೆ ಒಂದೇ ಏಟು. ಗೆಳೆಯ ತಟ್ಟಿ ತಟ್ಟಿ ನೋಡಿ ಕೈಚೆಲ್ಲಿದ. ನಾನು ಸೈ ಫೋಲ್ಡರಿಗೇ ಹಾಕಿಕೊಂಡಿದ್ದೇನೆ, ಯಾಕೆಂದರೆ ಅದರ ಬ್ರೇಕ್‌ಡೌನ್‌ನಲ್ಲಿ ಮೆಲೊಡಿಗಿಂತ ಸದ್ದಿನ ಆಟವೇ ಹೆಚ್ಚು.