ಕೊಂಡು ತಂದ ಇನ್ನೊಂದು ತಟ್ಟೆ: ‘ಫಾಲನ್ ಲೀವ್ಸ್’ ಚಿತ್ರ ವಿಮರ್ಶೆ

ಹೆಲ್ಸಿಂಕಿಯಲ್ಲಿ ಒಂಟಿಯಾಗಿ ಬದುಕುವ ಆನ್ಸಾಳ ಮನೆಯಲ್ಲಿ ಇರುವುದು ಒಬ್ಬರ ಊಟಕ್ಕೆ ಸಾಲುವಷ್ಟೇ ಪಾತ್ರೆ. ಹೋಲಪ್ಪ ಎಂಬಾತ ಊಟಕ್ಕೆ ಬರುತ್ತಾನೆ ಎಂದಾಗ ಅವಳು ಅಂಗಡಿಗೆ ಹೋಗಿ ಇನ್ನೊಂದು ತಟ್ಟೆಯನ್ನೂ ಅದಕ್ಕೊಪ್ಪುವ ಚಮಚ, ಫೋರ್ಕುಗಳನ್ನೂ ಕೊಂಡು ತರುತ್ತಾಳೆ. ಆ ರಾತ್ರಿ ಕುಡಿತದ ವಿಷಯಕ್ಕೆ ಮಾತು ಮುರಿದು ಅವನು ಎದ್ದುಹೋದ ಮೇಲೆ ಅವನ್ನು ಕಸದ ಬುಟ್ಟಿಗೆ ಹಾಕುತ್ತಾಳೆ. ಅಳು ಇಲ್ಲ, ಸಂಭಾಷಣೆ ಇಲ್ಲ. ಆದರೂ 2023ರಲ್ಲಿ ತೆರೆಕಂಡ, ಫಿನ್ಲೆಂಡಿನ ನಿರ್ದೇಶಕ ಅಕಿ ಕೌರಿಸ್ಮಾಕಿ ಅವರ ಈ ಚಿತ್ರದಲ್ಲಿ ನನ್ನನ್ನು ಅತ್ಯಂತ ಆಳವಾಗಿ ಕಲಕಿದ ದೃಶ್ಯ ಇದೇ.

ಕೌರಿಸ್ಮಾಕಿ ಅವರ ಪಾತ್ರಗಳು ಮುಖದ ಒಂದು ಗೆರೆಯೂ ಅಲುಗದಂತೆ ಮಾತನಾಡುತ್ತವೆ. ಇದನ್ನು ಬರಿಯ ವಿಲಕ್ಷಣ ಶೈಲಿಯೆಂದು ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ಭಾವಿಸುವುದಿಲ್ಲ. ದಿನವಿಡೀ ದುಡಿದು ದಣಿದವರು ತಮ್ಮ ಮರ್ಯಾದೆಯನ್ನು ಕಾಪಾಡಿಕೊಳ್ಳುವ ರೀತಿ ಅದು. ಸೂಪರ್‌ಮಾರ್ಕೆಟ್ಟಿನಲ್ಲಿ ಖಚಿತ ದುಡಿಮೆಯ ಗಂಟೆಗಳ ಭರವಸೆಯೇ ಇಲ್ಲದ ಕರಾರಿನ ಮೇಲೆ ದುಡಿಯುವ ಆನ್ಸಾ, ಅವಧಿ ಮುಗಿದು ಕಸಕ್ಕೆ ಹೋಗಬೇಕಿದ್ದ ತಿನಿಸನ್ನು ಚೀಲದಲ್ಲಿಟ್ಟುಕೊಂಡ ಕಾರಣಕ್ಕೆ ಕೆಲಸ ಕಳೆದುಕೊಳ್ಳುತ್ತಾಳೆ. ಲೋಹದ ಕೆಲಸಗಾರನಾದ ಹೋಲಪ್ಪನ ಕೆಲಸವನ್ನು ಅವನ ಕುಡಿತ ಕಸಿಯುತ್ತದೆ. ಮನೆಯ ರೇಡಿಯೋ ಹಾಕಿದಾಗಲೆಲ್ಲ ಕೇಳಿಸುವುದು ಉಕ್ರೇನ್ ಯುದ್ಧದ ಸುದ್ದಿ. ಇಂಥ ಬದುಕಿನಲ್ಲಿ ಪ್ರೀತಿಯನ್ನು ದೊಡ್ಡ ಮಾತುಗಳಲ್ಲಿ ಹೇಳಿದ್ದರೆ ಅದು ಸುಳ್ಳಾಗಿ ಕೇಳಿಸುತ್ತಿತ್ತು.

ನಗು ಹುಟ್ಟುವುದೂ ಈ ಮಿತಭಾಷೆಯಿಂದಲೇ. ಆನ್ಸಾ ಬರೆದುಕೊಟ್ಟ ಫೋನ್ ನಂಬರಿನ ಚೀಟಿಯನ್ನು ಗಾಳಿಗೆ ಕಳೆದುಕೊಂಡ ಹೋಲಪ್ಪ ಚಿತ್ರಮಂದಿರದ ಮುಂದೆ ಅವಳಿಗಾಗಿ ಕಾಯುತ್ತಾನೆ. ಎಷ್ಟು ಹೊತ್ತು ಕಾದನೆಂಬುದನ್ನು ಅವಳಿಗೂ ನಮಗೂ ತಿಳಿಸುವುದು ನೆಲದ ಮೇಲೆ ಬಿದ್ದಿರುವ ಸಿಗರೇಟಿನ ತುಂಡುಗಳು. ತಿಮೊ ಸಾಲ್ಮಿನೆನ್ ಅವರ ಕ್ಯಾಮೆರಾ ಅವಸರಪಡದೆ ನಿಂತು ನೋಡುವುದರಿಂದಲೇ ಇಂಥ ವಿವರಗಳು ನಮ್ಮ ಕಣ್ಣಿಗೆ ಬೀಳುತ್ತವೆ.

ಕೊನೆಯ ಭಾಗದಲ್ಲಿ ಕಥೆ ಒಂದು ಅಪಘಾತದ ಆಸರೆ ಪಡೆಯುತ್ತದೆ. ಇಬ್ಬರ ಸ್ವಭಾವದಿಂದಲೇ ಬೆಳೆದುಬಂದ ಕಥೆಗೆ ಹೊರಗಿನ ಈ ತಿರುವು ಬೇಕಿರಲಿಲ್ಲ ಎಂಬುದೊಂದೇ ನನ್ನ ತಕರಾರು.

1986ರಿಂದ 1990ರ ನಡುವೆ ಕೌರಿಸ್ಮಾಕಿ ಮಾಡಿದ ಕಾರ್ಮಿಕರ ಕುರಿತ ಮೂರು ಚಿತ್ರಗಳ ಮುಂದುವರಿಕೆಯಂತಿರುವ ಈ ಕೃತಿ ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿ ಪ್ರಶಸ್ತಿ ಪಡೆಯಿತು. ಅವರ ಚಿತ್ರಗಳನ್ನು ಇದುವರೆಗೆ ನೋಡದವರು ಕೇವಲ 81 ನಿಮಿಷಗಳ ಇದರಿಂದಲೇ ಆರಂಭಿಸಬಹುದು. ಆನ್ಸಾಳಾಗಿ ನಟಿಸಿರುವ ಅಲ್ಮಾ ಪೋಯ್ಸ್ತಿ ಅವರ ಮುಖವನ್ನು ಮೊದಲಿನಿಂದಲೂ ಗಮನಿಸುತ್ತಿರಿ: ಅಷ್ಟು ಹೊತ್ತು ಬಿಗಿಯಾಗಿಯೇ ಇದ್ದ ಆ ಮುಖ, ಕೊನೆಗೊಮ್ಮೆ, ಒಂದೇ ಒಂದು ಸಲ ಹೋಲಪ್ಪನತ್ತ ಕಣ್ಣು ಮಿಟುಕಿಸುತ್ತದೆ.