2011ರ ಕಂಪ್ಯೂಟರಿನಲ್ಲಿ ಜಿಟಿ 710 ಕಾರ್ಡ್

ಕರಡು ತಿದ್ದುವವರ ಕಣ್ಣನ್ನು ಎಲ್ಲಕ್ಕಿಂತ ಮೊದಲು ದಣಿಸುವುದು ಒತ್ತಕ್ಷರಗಳು. 27 ಇಂಚಿನ ಪರದೆಯಲ್ಲಿ 1920×1080 ಪಿಕ್ಸೆಲ್‌ಗಳು ಮಾತ್ರ ಇದ್ದರೆ ಒಂದು ಇಂಚಿಗೆ ಸಿಗುವುದು ಸುಮಾರು 82 ಪಿಕ್ಸೆಲ್. ಅಷ್ಟರಲ್ಲಿ ‘ದ’ ಮತ್ತು ‘ಧ’ಗಳನ್ನು ಬೇರ್ಪಡಿಸುವ ಸಣ್ಣ ಸೀಳು ಇದೆಯೋ ಇಲ್ಲವೋ ಎಂದು ಮೂಗನ್ನು ಪರದೆಗೆ ತಾಗಿಸಿ ನೋಡಬೇಕಾಗುತ್ತದೆ. ಅದೇ ಅಳತೆಯ 2560×1440 ಪರದೆಯಲ್ಲಿ ಇಂಚಿಗೆ ಸುಮಾರು 109 ಪಿಕ್ಸೆಲ್ ಇರುತ್ತವೆ. ಇಷ್ಟು ಲೆಕ್ಕ ಹಾಕಿಕೊಂಡು ಹೊಸ ಮಾನಿಟರ್ ತಂದ ನಾನು, ಅದನ್ನು ಜೋಡಿಸಬೇಕಾದ ಕಂಪ್ಯೂಟರಿನ ಬೆನ್ನನ್ನು ನೋಡಿರಲಿಲ್ಲ. ನನ್ನದು ಕೋರ್ ಐ3-2100 ಪ್ರೊಸೆಸರ್, ಎಚ್61 ಮದರ್‌ಬೋರ್ಡ್. ಹಿಂಬದಿಯಲ್ಲಿ ಒಂದು ವಿಜಿಎ, ಒಂದು ಡಿವಿಐ ಪೋರ್ಟ್, ಅಷ್ಟೇ.

ಆ ಡಿವಿಐ ಸಿಂಗಲ್ ಲಿಂಕ್ ಬಗೆಯದು. ಅದು ಸೆಕೆಂಡಿಗೆ 16.5 ಕೋಟಿ ಪಿಕ್ಸೆಲ್‌ಗಳನ್ನು, ಅಂದರೆ 165 ಮೆಗಾಹರ್ಟ್ಸ್‌ನಷ್ಟನ್ನು ಮಾತ್ರ ಸಾಗಿಸಬಲ್ಲದು. 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಬಾರಿ ಚಿತ್ರ ಬದಲಾಗುವ ರಿಫ್ರೆಶ್ ದರದಲ್ಲಿ, 1920×1200 ದಾಟುವುದು ಅದರಿಂದ ಆಗದು. ಪರದೆ ಹೊಸದಾದರೂ ದಾರಿ ಹಳೆಯದು. ರಿಫ್ರೆಶ್ ದರವನ್ನು 30 ಹರ್ಟ್ಸ್‌ಗೆ ಇಳಿಸಿದರೆ 2560×1440 ಆ ಮಿತಿಯೊಳಗೆ ಹಿಡಿಯುತ್ತದೆ ಎಂಬುದು ನಿಜವಾದರೂ, ಆಗ ಮೌಸಿನ ಬಾಣ ಕೈಯ ಹಿಂದೆ ಹಿಂದೆ ತೆವಳುವುದನ್ನು ದಿನವಿಡೀ ಸಹಿಸಿಕೊಂಡು ಕೆಲಸ ಮಾಡುವುದು ಕಷ್ಟ.

ಹೀಗಾಗಿ ಪರದೆಗೆ ಚಿತ್ರ ಕಳುಹಿಸುವ ಗ್ರಾಫಿಕ್ಸ್ ಕಾರ್ಡೊಂದನ್ನು, ಎನ್‌ವಿಡಿಯಾ ಜಿಫೋರ್ಸ್ ಜಿಟಿ 710 ಅನ್ನು, ಕೊಂಡೆ. 2016ರಲ್ಲಿ ಬಿಡುಗಡೆಯಾದ, ಆಟಗಳ ಲೋಕದಲ್ಲಿ ಯಾರೂ ಮರ್ಯಾದೆ ಕೊಡದ ಕಾರ್ಡ್ ಇದು. ಆದರೆ ನನಗೆ ಬೇಕಿದ್ದುದು ಆಟವಲ್ಲ, ಅಗಲವಾದ ದಾರಿ. ಇದು ಬಳಸುವ ವಿದ್ಯುತ್ತು ಗರಿಷ್ಠ 19 ವ್ಯಾಟ್. ಕಂಪ್ಯೂಟರಿಗೆ ವಿದ್ಯುತ್ತು ಹಂಚುವ ಎಸ್‌ಎಂಪಿಎಸ್‌ನಿಂದ ಬೇರೆ ತಂತಿ ಎಳೆಯಬೇಕಿಲ್ಲ, ಹಳೆಯ ಎಸ್‌ಎಂಪಿಎಸ್ ಬದಲಿಸುವ ಪ್ರಮೇಯವೂ ಇಲ್ಲ. ನಾನು ಆರಿಸಿಕೊಂಡದ್ದು ಫ್ಯಾನ್ ಇಲ್ಲದ, ಹೀಟ್‌ಸಿಂಕ್ ಮಾತ್ರ ಇರುವ ಮಾದರಿ. ಬೇಸಿಗೆಯಲ್ಲಿಯೂ ಅದರಿಂದ ಸದ್ದಿಲ್ಲ, ತೊಂದರೆಯೂ ಆಗಿಲ್ಲ. ಸಣ್ಣ ಕ್ಯಾಬಿನೆಟ್ ಇರುವವರು ಪೆಟ್ಟಿಗೆಯಲ್ಲಿ ಕಾರ್ಡನ್ನು ಕ್ಯಾಬಿನೆಟ್ಟಿಗೆ ಬಿಗಿಯುವ ಗಿಡ್ಡ ಲೋಹದ ಪಟ್ಟಿ ಇದೆಯೇ ಎಂದು ಅಂಗಡಿಯಲ್ಲಿಯೇ ತೆರೆದು ನೋಡಬೇಕು. ಮನೆಗೆ ಬಂದ ಮೇಲೆ ನೋಡಿದರೆ ಪ್ರಯೋಜನವಿಲ್ಲ.

ಕಾರ್ಡನ್ನು ಕೂರಿಸುವುದು ಹತ್ತು ನಿಮಿಷದ ಕೆಲಸ. ನಿಜವಾದ ಕೆಲಸ ಹೊಂದಿಸುವುದರಲ್ಲಿತ್ತು. ಡ್ರೈವರ್ ಹಾಕಿದ ಮೇಲೂ ಪರದೆ 1920×1080ರಲ್ಲಿಯೇ ನಿಂತಿತು. ಕಾರ್ಡ್ ಕೆಟ್ಟಿದೆಯೆಂದು ಅಂಗಡಿಗೆ ಹೊರಡುವವನಿದ್ದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ರೆಸಲ್ಯೂಷನ್‌ಗಳ ಪಟ್ಟಿ ಎರಡು ಭಾಗವಾಗಿರುತ್ತದೆ: ಮೇಲೆ ಟಿವಿಗಳಿಗೆ ಹೊಂದುವ ಅಳತೆಗಳು, ಕೆಳಗೆ ‘ಪಿಸಿ’ ಎಂಬ ತಲೆಬರಹದಡಿ ಕಂಪ್ಯೂಟರಿನ ಅಳತೆಗಳು. ಕಾರ್ಡಿನ ಎಚ್‌ಡಿಎಂಐ ಪೋರ್ಟಿನ ಮೂಲಕ ಜೋಡಿಸಿದ ಮಾನಿಟರನ್ನು ಅದು ಟಿವಿಯೆಂದು ಭಾವಿಸಿ ಮೇಲಿನ ಭಾಗದಿಂದಲೇ ಆರಿಸಿಕೊಂಡಿತ್ತು. 2560×1440 ಮಾತ್ರ ಪಟ್ಟಿಯನ್ನು ಕೆಳಕ್ಕೆ ಸರಿಸಿದಾಗ ಸಿಕ್ಕಿತು. ಅದೇ ತಪ್ಪು ತಿಳಿವಳಿಕೆಯಿಂದ ಕಪ್ಪು ಬಣ್ಣವೂ ಬೂದಿ ಬಳಿದಂತೆ ಕಾಣುತ್ತಿತ್ತು. ಔಟ್‌ಪುಟ್ ಡೈನಾಮಿಕ್ ರೇಂಜ್ ಎಂಬಲ್ಲಿ ‘ಲಿಮಿಟೆಡ್’ ಇದ್ದುದನ್ನು ‘ಫುಲ್’ ಮಾಡಿದ ಮೇಲೆ ಅಕ್ಷರಗಳಿಗೆ ಮಸಿಯ ಕಪ್ಪು ಬಂತು.

ಪಟ್ಟಿಯಲ್ಲಿ ಬೇಕಾದ ಅಳತೆ ಕಾಣದವರು ಕಸ್ಟಮ್ ರೆಸಲ್ಯೂಷನ್ ಸೃಷ್ಟಿಸಿಕೊಳ್ಳಬಹುದು. ಆಗ ಟೈಮಿಂಗ್ (ಪಿಕ್ಸೆಲ್‌ಗಳನ್ನು ಕಳುಹಿಸುವ ಸಮಯದ ಲೆಕ್ಕ) ಎಂಬಲ್ಲಿ ‘ಸಿವಿಟಿ ರೆಡ್ಯೂಸ್ಡ್ ಬ್ಲ್ಯಾಂಕ್’ ಆರಿಸುವುದನ್ನು ಮರೆಯಬಾರದು. ಹಳೆಯ ಗಾಜಿನ ಟ್ಯೂಬ್ ಮಾನಿಟರ್‌ಗಳಲ್ಲಿ ಎಲೆಕ್ಟ್ರಾನ್ ಕಿರಣವು ಒಂದು ಸಾಲು ಮುಗಿಸಿ ಮತ್ತೆ ಎಡ ಅಂಚಿಗೆ ಮರಳಲು ಬಿಡುವು ಬೇಕಿತ್ತು. ಈಗಿನ ಎಲ್‌ಸಿಡಿಗೆ ಅಷ್ಟು ಬಿಡುವು ಬೇಡವಾದರೂ ಸಾಮಾನ್ಯ ಸಿವಿಟಿ ಲೆಕ್ಕ ಅದನ್ನು ಹೊತ್ತುಕೊಂಡೇ ಬರುತ್ತದೆ. 60 ಹರ್ಟ್ಸ್‌ನ 2560×1440ಕ್ಕೆ ಆ ಲೆಕ್ಕದಲ್ಲಿ 312.25 ಮೆಗಾಹರ್ಟ್ಸ್ ಬೇಕಾದರೆ, ಬಿಡುವನ್ನು ಕತ್ತರಿಸಿದ ಲೆಕ್ಕದಲ್ಲಿ 241.5 ಸಾಕು. ಹಳೆಯ ಯಂತ್ರಾಂಶದಲ್ಲಿ ಪರದೆ ಬರುವುದೂ ಬಾರದಿರುವುದೂ ಈ ವ್ಯತ್ಯಾಸದ ಮೇಲೆಯೇ ನಿಂತಿರಬಹುದು. ನನ್ನ ಮನೆಯಲ್ಲಿದ್ದ ಹಳೆಯ ಎಚ್‌ಡಿಎಂಐ ಕೇಬಲ್ ಅಷ್ಟನ್ನೂ ತಾಳಲಾರದೆ ಗಂಟೆಗೆ ಎರಡು ಬಾರಿ ಪರದೆಯನ್ನು ಕತ್ತಲು ಮಾಡುತ್ತಿತ್ತು; ಬೇರೆ ಕೇಬಲ್ ಹಾಕಿದ ದಿನದಿಂದ ಆ ಕಾಟವಿಲ್ಲ.

ಹಾಗೆಂದು ಈ ಕಾರ್ಡನ್ನು ಕಣ್ಣು ಮುಚ್ಚಿ ಕೊಳ್ಳಿರೆಂದು ಹೇಳಲಾರೆ. ಇದರ ಎಚ್‌ಡಿಎಂಐ 1.4ನೇ ಆವೃತ್ತಿಯದು, 4ಕೆ ಪರದೆಗೆ ಜೋಡಿಸಿದರೆ 30 ಹರ್ಟ್ಸ್ ಮಾತ್ರ ದೊರೆಯುತ್ತದೆ, ಮತ್ತೆ ಆ ತೆವಳುವ ಬಾಣವೇ ಗತಿ. ಯೂಟ್ಯೂಬ್ 1080ಕ್ಕಿಂತ ಮೇಲಿನ ವಿಡಿಯೊಗಳನ್ನು ವಿಪಿ9ರಂಥ ಹೊಸ ಕೋಡೆಕ್‌ಗಳಲ್ಲಿ (ವಿಡಿಯೊವನ್ನು ಕುಗ್ಗಿಸುವ ವಿಧಾನಗಳಲ್ಲಿ) ಕಳುಹಿಸುತ್ತದೆ, ಅದನ್ನು ಬಿಡಿಸುವ ಶಕ್ತಿ ಈ ಚಿಪ್‌ನಲ್ಲಿಲ್ಲ. ಭಾರವೆಲ್ಲ ಬಡ ಐ3ರ ಹೆಗಲಿಗೆ ಬಿದ್ದು ಚಿತ್ರ ತಡವರಿಸುತ್ತದೆ. ನಾನು 1080ರಲ್ಲಿಯೇ ನೋಡುತ್ತೇನೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಕೆಪ್ಲರ್ ಪೀಳಿಗೆಯ ಸಾಮಾನ್ಯ ಡ್ರೈವರ್ ನವೀಕರಣ 2021ರಲ್ಲಿಯೂ ಭದ್ರತಾ ನವೀಕರಣ 2024ರ ಸೆಪ್ಟೆಂಬರ್‌ನಲ್ಲಿಯೂ ನಿಂತಿವೆ.

2017ರ ಜಿಟಿ 1030 ಸಿಕ್ಕಿದರೆ, ಬೆಲೆ ಹೆಚ್ಚಾದರೂ, ಅದೇ ಮೇಲು: ಎಚ್‌ಡಿಎಂಐ 2.0 ಇರುವುದರಿಂದ 4ಕೆಯೂ 60 ಹರ್ಟ್ಸ್‌ನಲ್ಲಿ ಬರುತ್ತದೆ, ವಿಪಿ9 ಬಿಡಿಸುತ್ತದೆ, ವಿದ್ಯುತ್ತು 30 ವ್ಯಾಟ್. ಆದರೆ ವಿಜಿಎ ಇಲ್ಲ. ಹಳೆಯ ಮಾನಿಟರನ್ನು ಜೊತೆಗಿಟ್ಟುಕೊಳ್ಳುವವರು ಗಮನಿಸಬೇಕು. ಇದು ಜಿಡಿಡಿಆರ್5 ಮತ್ತು ಡಿಡಿಆರ್4 ಎಂಬ ಎರಡು ಬಗೆಯ ಮೆಮೊರಿಯಲ್ಲಿ ಮಾರಾಟವಾಗಿದೆ, ಹೆಸರು ಮಾತ್ರ ಒಂದೇ. ಡಿಡಿಆರ್4 ಬಗೆಯದು ಬಹಳ ನಿಧಾನ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಕಾರ್ಡ್ ಹುಡುಕುವವರು ಹೆಸರು ಕೇಳಿ ದುಡ್ಡು ಕೊಡದೆ ಪೆಟ್ಟಿಗೆಯ ಮೇಲಿನ ಮೆಮೊರಿಯ ಬಗೆಯನ್ನು ಓದಬೇಕು.

ನನ್ನ ಕೆಲಸ ಅಕ್ಷರದ್ದು. ವಿಂಡೋಸ್‌ನಲ್ಲಿ ಸ್ಕೇಲಿಂಗ್ 125 ಪ್ರತಿಶತಕ್ಕೆ ಇಟ್ಟುಕೊಂಡು, ಎರಡು ಪುಟಗಳನ್ನು ಅಕ್ಕಪಕ್ಕ ತೆರೆದು ತಿದ್ದುತ್ತೇನೆ. ‘ಸ್ತ್ರೀ’ಯ ಎರಡೂ ಒತ್ತುಗಳು ಈಗ ಬೇರೆ ಬೇರೆಯಾಗಿ ಕಾಣುತ್ತವೆ. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆಯಲ್ಲಿ ಒಂದು ಡ್ರೈವರಿನ ಲೆಕ್ಕಕ್ಕೆ, ಉಳಿದ ಅರ್ಧ ಯೂಟ್ಯೂಬಿಗೆ.