ಬೆರಳಿಗೆ ಅಲುಗದ ಅಕ್ಷರಬಿಲ್ಲೆ: ನಾಲ್ಕು ದಾರಿ ನಡೆದು ನೋಡಿದ ಮೇಲೆ

ಮೌಸಿನಲ್ಲೂ ಬೆರಳಿನಲ್ಲೂ ಎಳೆಯಬಲ್ಲ ವಸ್ತುಗಳಿರುವ ವೆಬ್ ಪುಟವನ್ನು ಇಂದು ಹೊಸದಾಗಿ ಬರೆಯುವವರು ಪಾಯಿಂಟರ್ ಇವೆಂಟ್ಸ್ (ಮೌಸು, ಬೆರಳುಗಳ ಚಲನೆಯನ್ನು ಬ್ರೌಸರ್ ಪುಟಕ್ಕೆ ತಿಳಿಸುವ ಸಂದೇಶಗಳು) ಹಿಡಿಯಲಿ ಎಂದು ಮೊದಲೇ ಹೇಳಿಬಿಡುತ್ತೇನೆ. ಉಳಿದ ಮೂರು ದಾರಿಗಳಲ್ಲೂ ನಡೆದು ವಾಪಸು ಬಂದಿದ್ದೇನೆ. ಎರಡು ತಿಂಗಳ ಭಾನುವಾರಗಳು ಅದಕ್ಕೇ ಹೋದವು.

ನಾನು ಬರೆಯುತ್ತಿದ್ದುದು ಅಕ್ಕನ ಮಗಳಿಗಾಗಿ ಒಂದು ಪದ ಜೋಡಿಸುವ ಆಟ. ಮೇಲೆ ಖಾಲಿ ಮನೆಗಳು, ಕೆಳಗೆ ಅಕ್ಷರಬಿಲ್ಲೆಗಳು. ‘ಸ್ವಾ’, ‘ತಂ’, ‘ತ್ರ್ಯ’ ಮೂರನ್ನೂ ಎಳೆದು ಸಾಲಾಗಿ ಕೂರಿಸಿದರೆ ಪದ ಪೂರ್ತಿ. ಬಿಲ್ಲೆಯನ್ನು ಸುಮ್ಮನೆ ತಟ್ಟಿದರೆ ಆ ಅಕ್ಷರದ ಉಚ್ಚಾರ ಕೇಳಬೇಕು. ಲ್ಯಾಪ್‌ಟಾಪಿನಲ್ಲಿ ಮೌಸ್ ಹಿಡಿದಾಗ ಎಲ್ಲವೂ ನೀರು ಕುಡಿದಷ್ಟು ಸಲೀಸು. ಅವಳ ಕೈಗೆ ಸಿಗುವುದು ಮನೆಯ ಹಳೆಯ ಆಂಡ್ರಾಯ್ಡ್ ಫೋನ್. ಅದರಲ್ಲಿ ಬಿಲ್ಲೆ ಅಲುಗಲೇ ಇಲ್ಲ, ಇಡೀ ಪುಟವೇ ಬೆರಳಿನ ಹಿಂದೆ ಜಾರಿತು. ಮೂರು ಸಲ ಎಳೆದು ನೋಡಿ ಫೋನನ್ನು ಕೆಳಗಿಟ್ಟು ಎದ್ದುಹೋದಳು.

ಆ ಮೊದಲ ರೂಪವನ್ನು ನಾನು ಕಟ್ಟಿದ್ದು ಜೆಕ್ವೆರಿ ಯುಐ ಮೇಲೆ. ಅದು 2007ರಲ್ಲಿ ಮೌಸನ್ನೇ ನಂಬಿ ಹುಟ್ಟಿದ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಸಂಗ್ರಹ. ಟಚ್ ಪಂಚ್ ಎಂಬ ಪುಟ್ಟ ಕಡತವನ್ನು ಜೊತೆಗೆ ಸೇರಿಸಿದರೆ ಅದು ಬೆರಳಿನ ಸ್ಪರ್ಶವನ್ನು ಮೌಸಿನ ಭಾಷೆಗೆ ಅನುವಾದಿಸಿ ಕೊಡುತ್ತದೆ. ಒಂದೇ ಸಾಲು ಸೇರಿಸಿದೆ, ಬಿಲ್ಲೆ ಅಲುಗಿತು. ಆದರೆ ಉಚ್ಚಾರ ಒಮ್ಮೆ ಕೇಳಿದರೆ ಎರಡು ಸಲ ಕೇಳುತ್ತಿರಲಿಲ್ಲ. ಬೆರಳು ಒಂದಿಷ್ಟೂ ಸರಿಯದೆ ಎದ್ದರೆ ಮಾತ್ರ ಟಚ್ ಪಂಚ್ ಅದನ್ನು ಕ್ಲಿಕ್ ಎಂದು ಕರೆಯುತ್ತದೆ. ಅಗ್ಗದ ಪರದೆಯ ಮೇಲೆ ಮಗುವಿನ ಬೆರಳು ಕೂದಲೆಳೆಯಷ್ಟು ಸರಿಯದೆ ಇರುತ್ತದೆಯೇ? ಜೊತೆಗೆ ಒಂದು ಬಿಲ್ಲೆ ಎಳೆಯುವುದಕ್ಕೆ ಸುಮಾರು 250 ಕಿಲೋಬೈಟ್‌ನ ಲೈಬ್ರರಿ ಹೊರಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಅಕ್ಕನ ಊರಿನಲ್ಲಿ ಸಿಗ್ನಲ್ ಸಿಗುವುದು ಜಗುಲಿಯ ಒಂದು ಮೂಲೆಯಲ್ಲಿ. ಜೆಕ್ವೆರಿ ಯುಐ 2021ರಿಂದ ಬರೀ ನಿರ್ವಹಣೆಯ ಹಂತದಲ್ಲಿದೆ ಎಂಬುದೂ ನೆನಪಿರಲಿ. ಹಳೆಯ ಪುಟ ಮೊದಲೇ ಅದರ ಮೇಲೆ ನಿಂತಿದ್ದರೆ ಮಾತ್ರ ಟಚ್ ಪಂಚ್ ಇಂದಿಗೂ ಕಡಿಮೆ ಶ್ರಮದ ಪರಿಹಾರ.

ಎರಡನೆಯ ದಾರಿ, ವೆಬ್ ಪುಟದ ಮೂಲಭಾಷೆ ಎಚ್‌ಟಿಎಂಎಲ್‌ನದೇ ಡ್ರ್ಯಾಗ್ ಅಂಡ್ ಡ್ರಾಪ್ (ಎಳೆದು ಬಿಡುವ ಸೌಲಭ್ಯ): ಆಂಡ್ರಾಯ್ಡ್ ಕ್ರೋಮಿನಲ್ಲಿ ಬಿಲ್ಲೆಯನ್ನು ಒತ್ತಿ ಹಿಡಿದು ಕಾಯಬೇಕು. ಆರು ವರ್ಷದವಳು ಕಾಯುವುದಿಲ್ಲ.

ಮೂರನೆಯದು, ಬೆರಳಿನ ಸ್ಪರ್ಶವನ್ನಷ್ಟೇ ತಿಳಿಸುವ ಟಚ್ ಇವೆಂಟ್ಸ್. ಅದರ ಬಗ್ಗೆ ನನಗೆ ಗೌರವವಿದೆ. 2013ರಲ್ಲೇ, ವೆಬ್ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಶಿಫಾರಸಾಗಿದೆ, ಎರಡು ಬೆರಳಿನ ಆಟಕ್ಕೂ ಒದಗುತ್ತದೆ. ಆದರೆ ಮೌಸಿಗೆ ಒಂದು, ಬೆರಳಿಗೆ ಇನ್ನೊಂದು ಎಂದು ಎರಡೆರಡು ಸಲ ಬರೆಯಬೇಕು. ತಟ್ಟಿದ ಮೇಲೆ ಬ್ರೌಸರ್ ತಾನಾಗಿ ಮೌಸ್ ಇವೆಂಟನ್ನೂ ಕಳಿಸುವುದರಿಂದ ‘ತಂ’ ಎಂಬುದು ‘ತಂ ತಂ’ ಎಂದು ಕೇಳಿಸಿತು. ಇವೆಂಟ್ ಬಂದಾಗ ಓಡುವ ಬರಹವನ್ನು, ಅಂದರೆ ಕೇಳುಗವನ್ನು, ಇಡೀ ಡಾಕ್ಯುಮೆಂಟಿಗೆ ಕಟ್ಟಿದ್ದೆ. 2017ರ ಕ್ರೋಮ್ 56ರಿಂದ ಅಂಥ ಕೇಳುಗಗಳನ್ನು ಪ್ಯಾಸಿವ್ (ಸ್ಕ್ರೋಲನ್ನು ತಡೆಯಲಾರದವು) ಎಂದೇ ಎಣಿಸುತ್ತಾರೆ. ಸ್ಕ್ರೋಲ್ ತಡೆಯಲು ಬರೆದ ಸಾಲು ಅಲ್ಲೇ ಇತ್ತು, ಬ್ರೌಸರ್ ಅದಕ್ಕೆ ಕಿವಿಗೊಡಲಿಲ್ಲ. ಪ್ಯಾಸಿವ್ ಅಲ್ಲವೆಂದು ಬಾಯಿಬಿಟ್ಟು ಹೇಳಿದ ಮೇಲೆ ಸರಿಹೋಯಿತು.

ಕೊನೆಗೆ ಪಾಯಿಂಟರ್ ಇವೆಂಟ್ಸ್. ಮೌಸು, ಬೆರಳು, ಪೆನ್ನು ಎಲ್ಲಕ್ಕೂ ಒಂದೇ ಹೆಸರು, ಒಂದೇ ಬರಹ. 2019ರಲ್ಲಿ ಐಒಎಸ್ 13ರ ಸಫಾರಿಯೂ ಸೇರಿಕೊಂಡ ಮೇಲೆ ಅನುಮಾನಕ್ಕೆ ಕಾರಣ ಉಳಿದಿಲ್ಲ. ನನ್ನ ಬರಹ ಅರ್ಧಕ್ಕರ್ಧ ಇಳಿಯಿತು. ಹಾಗಿದ್ದೂ ಒಂದು ತೊಡಕು ನನ್ನ ಎರಡು ಭಾನುವಾರಗಳನ್ನು ನುಂಗಿತು.

ಬಿಲ್ಲೆ ಬೆರಳಿನೊಡನೆ ಒಂದು ಬೆರಳಗಲ ಬರುತ್ತಿತ್ತು, ಅಲ್ಲೇ ನಿಂತುಬಿಡುತ್ತಿತ್ತು. ಬೆರಳು ಎತ್ತಿದರೂ ಎರಡು ಮನೆಗಳ ನಡುವೆ ತೂಗಿಕೊಂಡೇ ಇರುತ್ತಿತ್ತು. ಬರುವ ಇವೆಂಟುಗಳ ಹೆಸರನ್ನೆಲ್ಲ ಪರದೆಯ ಮೇಲೆಯೇ ಬರೆಸಿ ನೋಡಿದೆ. ಒಂದು ಪಾಯಿಂಟರ್‌ಡೌನ್ (ಬೆರಳು ತಾಗಿತು), ಎರಡೋ ಮೂರೋ ಪಾಯಿಂಟರ್‌ಮೂವ್ (ಸರಿಯಿತು), ಆಮೇಲೆ ಪಾಯಿಂಟರ್‌ಕ್ಯಾನ್ಸಲ್ (ರದ್ದಾಯಿತು), ಅದರಾಚೆ ಮೌನ. ಇದು ಸ್ಕ್ರೋಲ್ ಎಂದು ಬ್ರೌಸರ್ ತೀರ್ಮಾನಿಸಿ ಬೆರಳನ್ನು ನನ್ನ ಕೈಯಿಂದ ಕಸಿದುಕೊಳ್ಳುತ್ತಿತ್ತು. ಬೆರಳು ಎದ್ದದ್ದನ್ನು ತಿಳಿಸುವ ಪಾಯಿಂಟರ್‌ಅಪ್ ಬರುವುದೇ ಇಲ್ಲವಾದ್ದರಿಂದ ಬಿಲ್ಲೆ ನಡುದಾರಿಯಲ್ಲಿ ಉಳಿಯುತ್ತಿತ್ತು.

ಮದ್ದು, ಪುಟದ ರೂಪ ಹೇಳುವ ಸಿಎಸ್ಎಸ್ ಭಾಷೆಯ ಟಚ್-ಆ್ಯಕ್ಷನ್, ಅಂದರೆ ಸ್ಪರ್ಶಕ್ಕೆ ಬ್ರೌಸರ್ ತಾನಾಗಿ ಏನು ಮಾಡಬಹುದೆಂದು ಹೇಳುವ ಸಾಲು. ಅದನ್ನು ನಾನು ಪಾಯಿಂಟರ್‌ಡೌನ್ ಒಳಗೆ, ಬೆರಳು ತಾಗಿದ ಮೇಲೆ, ‘ನನ್’ (none, ಏನೂ ಮಾಡಬೇಡ) ಎಂದು ಬದಲಿಸಿದೆ. ಫಲವಿಲ್ಲ. ಬ್ರೌಸರ್ ಆ ಬೆಲೆಯನ್ನು ಓದುವುದು ಸ್ಪರ್ಶದ ಆರಂಭದಲ್ಲಿ, ಆಮೇಲೆ ಬದಲಿಸಿದ್ದು ಮುಂದಿನ ಸ್ಪರ್ಶಕ್ಕಷ್ಟೇ. ಆಗ ಮನೆ, ಬಿಲ್ಲೆಗಳೆಲ್ಲ ಇರುವ ಇಡೀ ಹಲಗೆಗೇ ‘ನನ್’ ಹಾಕಿದೆ. ಬಿಲ್ಲೆಗಳು ಚೆನ್ನಾಗಿ ಓಡಾಡಿದವು, ಆದರೆ ಸಣ್ಣ ಫೋನಿನಲ್ಲಿ ಹಲಗೆ ಪರದೆ ತುಂಬ ಇತ್ತು. ಪುಟ ಸರಿಸಲು ಬೆರಳಿಡುವ ಜಾಗವೇ ಇಲ್ಲದೆ ಕೆಳಗಿನ ‘ಮುಂದಿನ ಪದ’ ಗುಂಡಿ ಕೈಗೆಟುಕಲಿಲ್ಲ. ಕೊನೆಗೆ ಬಿಲ್ಲೆಗಳಿಗೆ ಮಾತ್ರ ‘ನನ್’ ಹಾಕಿ, ಬಿಲ್ಲೆಗಳ ನಡುವೆ ಹನ್ನೆರಡು ಪಿಕ್ಸೆಲ್ ಬಿಟ್ಟು, ಹಲಗೆಯ ಎರಡೂ ಬದಿಗೆ ಅಂಚು ಕೊಟ್ಟೆ. ಪಾಯಿಂಟರ್‌ಕ್ಯಾನ್ಸಲ್ ಬಂದರೆ ಬಿಲ್ಲೆ ತನ್ನ ಮೂಲಸ್ಥಾನಕ್ಕೆ ಮರಳುವಂತೆಯೂ ಬರೆದೆ, ಏಕೆಂದರೆ ಅದು ಬೇರೆ ಕಾರಣಕ್ಕೂ ಬರಬಹುದು.

ಬೆರಳು ತಾಗಿದ ಬಿಲ್ಲೆಯೇ ಮುಂದಿನ ಎಲ್ಲ ಇವೆಂಟುಗಳನ್ನು ತನಗೆ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಖಾಲಿ ಮನೆಗೆ ಸುದ್ದಿ ತಲುಪುವುದಿಲ್ಲ. ಬೆರಳಿನ ಕೆಳಗೆ ಯಾವ ಮನೆ ಇದೆ ಎಂದು ಎಲಿಮೆಂಟ್‌ಫ್ರಮ್‌ಪಾಯಿಂಟ್ ಮೂಲಕ ನಾವೇ ಕೇಳಬೇಕು. ಕೇಳುವ ಕ್ಷಣ ಬಿಲ್ಲೆಯನ್ನು ಮರೆಮಾಡದಿದ್ದರೆ ಉತ್ತರವಾಗಿ ಬಿಲ್ಲೆಯೇ ಸಿಗುತ್ತದೆ.

ಆಟದಲ್ಲಿರುವ, ಅಕ್ಷರದ ಗಾತ್ರ ಬದಲಿಸುವ ಸ್ಲೈಡರಿಗೆ ಇದಾವುದೂ ಬೇಡ. ಬ್ರೌಸರಿನ ಸ್ವಂತ ಸ್ಲೈಡರ್ (ರೇಂಜ್ ಇನ್‌ಪುಟ್) ಸಾಕು.

ನನ್ನ ಆಯ್ಕೆಗೆ ನನ್ನ ಅಭ್ಯಾಸವೂ ಕಾರಣ. ಒಂದು ಕಡತ, ಒಂದು ಎಡಿಟರ್, ಕೇಬಲಿನಲ್ಲಿ ಕಟ್ಟಿದ ಒಂದು ಹಳೆಯ ಫೋನ್, ಇಷ್ಟರಲ್ಲೇ ನಾನು ಕೆಲಸ ಮಾಡುತ್ತೇನೆ. ಹೊಸ ಫೋನ್ ಕೊಳ್ಳುವ ಹಣವಿಲ್ಲ, ಕೊಂಡಿದ್ದರೆ ಆ ಕಂಪಿಸುವ ಬೆರಳಿನ ತೊಂದರೆ ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ. ಈಗ ಪಾಯಿಂಟರ್‌ಅಪ್‌ನಲ್ಲಿ ಬೆರಳು ಹತ್ತು ಪಿಕ್ಸೆಲಿಗಿಂತ ಕಡಿಮೆ ಸರಿದಿದ್ದರೆ ಅದನ್ನು ತಟ್ಟಿದ್ದೆಂದೇ ಎಣಿಸುತ್ತೇನೆ. ಅದೇ ಅಳತೆಯನ್ನು ಬಳಸಿ ಇನ್ನೊಂದು ಸೌಲಭ್ಯ ಸೇರಿಸಿದೆ: ಬಿಲ್ಲೆಯನ್ನು ತಟ್ಟಿ, ಮನೆಯನ್ನು ತಟ್ಟಿದರೆ ಎಳೆಯದೆಯೇ ಅಕ್ಷರ ಅಲ್ಲಿ ಕೂರುತ್ತದೆ. ಎಳೆತಕ್ಕೆ ಇಂಥ ಪರ್ಯಾಯ ಇರಬೇಕೆಂದು ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಲೆಂದು ರೂಪಿಸಿದ 2023ರ ಡಬ್ಲ್ಯೂಸಿಎಜಿ 2.2 ಮಾನದಂಡವೂ ಕೇಳುತ್ತದೆ. ನಮ್ಮ ಮನೆಯಲ್ಲಿ ಅದನ್ನು ಬಳಸುವವರು ನನ್ನ ಅಮ್ಮ. ಅವರಿಗೆ ಬಿಲ್ಲೆ ಎಳೆಯಲು ಕೈ ನಿಲ್ಲುವುದಿಲ್ಲ, ತಟ್ಟಲು ಬರುತ್ತದೆ.